ಪಾಠ ಮಾಡುವವರಿಗೂ ಪಾಠವೇ? ಕಾಸರಗೋಡಿನ ವೈದ್ಯಕೀಯ ಅಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವಳು. ಗಡಿ ದಾಟಿ ಒಂದು ವೈದ್ಯಕೀಯ ಕಾಲೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೆಡಿಸಿನ್ ಪಾಠ ಮಾಡಿದ್ದೇನೆ. ಅದರಲ್ಲಿ ಅರ್ಧ ಕಾಲ ಅಲ್ಲಿನ ವೈದ್ಯಕೀಯ ಶಿಕ್ಷಣ ಘಟಕದಲ್ಲೂ ಇದ್ದೆ. ಅಧ್ಯಾಪಕರಿಗೆ ಪಾಠ ಮಾಡುವ ಮತ್ತು ಪರೀಕ್ಷೆ ನಡೆಸುವ ಕ್ರಮ ಹೇಳಿಕೊಡುವುದು ಆ ಘಟಕದ ಕೆಲಸ. ಬದಿಯಡ್ಕ–ಪೆರ್ಲ ದಾರಿಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದದ್ದು 2013ರಲ್ಲಿ. 2020ರಲ್ಲಿ ಕೋವಿಡ್ ಆಸ್ಪತ್ರೆಯಾಗಿ ಅದು ಬಾಗಿಲು ತೆರೆಯಿತು. 2025ರಲ್ಲಿ 50 ಎಂಬಿಬಿಎಸ್ ಸೀಟು ಸಿಕ್ಕಿತು. ಆಮೇಲೆ ನಮ್ಮ ಕಡೆಯ ಎಳೆಯ ಡಾಕ್ಟರುಗಳು ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. ಅಲ್ಲಿಗೆ ಸೇರಲು ಯೋಚಿಸುವವರು, ಮಂಗಳೂರು, ದೇರಳಕಟ್ಟೆ, ಪರಿಯಾರಂಗಳಲ್ಲಿ ಈಗಾಗಲೇ ಪಾಠ ಮಾಡುತ್ತಿರುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು.

ನಾನು ಎಂಡಿ ಮುಗಿಸಿದ್ದೇನೆ. ಪಾಠ ಮಾಡಲು ಬೇರೆ ತರಬೇತಿ ಯಾಕೆ ಬೇಕು?

ಒಂದು ಘಟನೆ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಅಂತಿಮ ವರ್ಷದ ಪರೀಕ್ಷೆಯಲ್ಲಿ ನಾನು ಪರೀಕ್ಷಕಿ. ಒಬ್ಬ ಹುಡುಗಿ ಎದೆಗೂಡಿನಲ್ಲಿ ನೀರು ತುಂಬಲು ಇರುವ ಕಾರಣಗಳನ್ನೆಲ್ಲ ಒಂದೂ ಬಿಡದೆ ಹೇಳಿದಳು. ರೋಗಿಯ ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿ ತೋರಿಸು ಅಂದೆ. ಅವಳ ಬೆರಳು ಪಕ್ಕೆಲುಬಿನ ನಡುವೆ ಕೂರಲಿಲ್ಲ. ಮಣಿಕಟ್ಟು ಆಡಲಿಲ್ಲ. ತಟ್ಟಿದ ಸದ್ದು ಅವಳಿಗೂ ಕೇಳಲಿಲ್ಲ, ನನಗೂ ಕೇಳಲಿಲ್ಲ. ಆಮೇಲೆ ವಿಚಾರಿಸಿದೆ. ಅವಳು ಓದಿದ ಅಷ್ಟೂ ವರ್ಷದಲ್ಲಿ ಯಾವ ಅಧ್ಯಾಪಕರೂ ಅವಳು ತಟ್ಟುವುದನ್ನು ಪಕ್ಕದಲ್ಲಿ ನಿಂತು ನೋಡಿರಲಿಲ್ಲ. ಕೇಸ್ ಹೇಳಿಸಿಕೊಂಡಿದ್ದರು, ಪ್ರಶ್ನೆ ಕೇಳಿದ್ದರು, ಅಷ್ಟೇ. ಪಾಪ, ತಪ್ಪು ಅವಳದ್ದಾಗಿರಲಿಲ್ಲ.

ವಿಷಯ ಗೊತ್ತಿರುವುದು ಬೇರೆ, ಅದನ್ನು ಇನ್ನೊಬ್ಬರ ಕೈಗೆ ದಾಟಿಸುವುದು ಬೇರೆ. ಎಂಡಿಯಲ್ಲಿ ನಮಗೆ ಮೊದಲನೆಯದನ್ನು ಮಾತ್ರ ಕಲಿಸುತ್ತಾರೆ.

ಇದು ಕಡ್ಡಾಯವೇ? ಬಡ್ತಿಗೆ ಬೇಕೇ?

ಹೌದು. ಭಾರತೀಯ ವೈದ್ಯಕೀಯ ಮಂಡಳಿ 2009ರಲ್ಲಿ ಈ ಮೂಲ ತರಬೇತಿಯನ್ನು ಶುರುಮಾಡಿತು. 2015ರಲ್ಲಿ ಅದನ್ನು ಪರಿಷ್ಕರಿಸಿದರು. ಮಂಡಳಿ ಹೋಗಿ 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ ಬಂತು. 2022ರ ನಿಯಮಗಳಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ನಿಂದ ಅಸೋಸಿಯೇಟ್ ಪ್ರೊಫೆಸರ್ ಆಗಲು ಎರಡು ಕೋರ್ಸ್ ಬೇಕೆಂದು ಬರೆದರು. ಒಂದು ವೈದ್ಯಕೀಯ ಶಿಕ್ಷಣದ ಬೇಸಿಕ್ ಕೋರ್ಸ್, ಅಂದರೆ ಇದೇ ಮೂಲ ತರಬೇತಿ. ಇನ್ನೊಂದು ಸಂಶೋಧನೆಯ ಬೇಸಿಕ್ ಕೋರ್ಸ್. ಎರಡನೆಯದನ್ನು ಚೆನ್ನೈಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಆನ್‌ಲೈನ್‌ನಲ್ಲಿ ನಡೆಸುತ್ತದೆ. ಮನೆಯಲ್ಲೇ ಕೂತು ಕಲಿಯಬಹುದು, ಪರೀಕ್ಷೆ ಬರೆಯಬೇಕು. ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆಯೋಗದ ಆ ಹೊತ್ತಿನ ಪ್ರಕಟಣೆಯನ್ನು ನೀವೇ ಓದಿಕೊಳ್ಳಿ.

ಸರ್ಟಿಫಿಕೇಟಿಗೆಂದೇ ಬರುವವರು ತುಂಬ ಇದ್ದಾರೆ. ನನಗೆ ಅದರಲ್ಲಿ ಬೇಸರವಿಲ್ಲ. ಬಂದವರಲ್ಲಿ ಕೆಲವರು ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಫೋನ್ ಒಳಗಿಟ್ಟು ಮುಂದಕ್ಕೆ ಬಾಗಿ ಕೂರುವುದನ್ನು ಕಂಡಿದ್ದೇನೆ.

ಬೇಸಿಕ್ ಕೋರ್ಸಿನ ಮೂರು ದಿನದಲ್ಲಿ ಏನೆಲ್ಲ ಹೇಳಿಕೊಡುತ್ತಾರೆ?

ವಯಸ್ಕರು ಹೇಗೆ ಕಲಿಯುತ್ತಾರೆ, ಪಾಠದ ಗುರಿ ಬರೆಯುವುದು ಹೇಗೆ, ದೊಡ್ಡ ಕ್ಲಾಸು ಮತ್ತು ಸಣ್ಣ ಗುಂಪು, ರೋಗಿಯ ಹಾಸಿಗೆಯ ಪಕ್ಕದ ಪಾಠ, ಪ್ರಶ್ನೆಪತ್ರಿಕೆ ತಯಾರಿ, ಫೀಡ್‌ಬ್ಯಾಕ್, ಜೊತೆಗೆ ನಡತೆ, ನೈತಿಕತೆ ಮತ್ತು ಸಂವಹನದ ಭಾಗವಾದ ಏಟ್‌ಕಾಮ್. ಮೈಕ್ರೋಟೀಚಿಂಗ್ ಕೂಡ ಇರುತ್ತದೆ. ನೀವು ಕೆಲವೇ ನಿಮಿಷ ಪಾಠ ಮಾಡುತ್ತೀರಿ, ಉಳಿದವರು ನೋಡಿ ಹೇಳುತ್ತಾರೆ, ನೀವು ತಿದ್ದಿಕೊಂಡು ಮತ್ತೆ ಮಾಡುತ್ತೀರಿ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶಾಲಾ ಶಿಕ್ಷಕರಿಗಾಗಿ ಹುಟ್ಟಿದ ಕ್ರಮ ಇದು. ಅದರ ಬಗ್ಗೆ ಎಲ್ಲರಿಗೂ ಹೆದರಿಕೆ. ಮುಗಿದ ಮೇಲೆ ಜಾಸ್ತಿ ನೆನಪಿಟ್ಟುಕೊಳ್ಳುವುದೂ ಅದನ್ನೇ.

"ನಾವು ಇದ್ಯಾವುದೂ ಇಲ್ಲದೆ ಕಲಿತೆವಲ್ಲ" ಅಂತ ನಮ್ಮ ಹಿರಿಯರು ಹೇಳುತ್ತಾರೆ. ಏನು ಉತ್ತರ ಕೊಡಲಿ?

ಅವರ ಮಾತಿನಲ್ಲಿ ಸತ್ಯ ಇದೆ. ಒಳ್ಳೆಯ ಗುರು ಸಿಕ್ಕಿದವರು ಕಲಿತರು. ಸಿಗದವರ ಗತಿ ಏನು ಅಂತ ಗೌರವದಿಂದಲೇ ಕೇಳಿ.

ನಮ್ಮದು ಪಾರ್ತಿಸುಬ್ಬನ ಊರು, ಹಾಗಾಗಿ ಯಕ್ಷಗಾನದ ಉದಾಹರಣೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಮೇಳಕ್ಕೆ ಸೇರಿದ ಹುಡುಗನಿಗೆ ಯಾರೂ ಮೊದಲ ದಿನವೇ ಕರ್ಣನ ವೇಷ ಕೊಡುವುದಿಲ್ಲ. ಚೌಕಿಯಲ್ಲಿ ಕೂತು ಹಿರಿಯರು ಬಣ್ಣ ಹಚ್ಚುವುದನ್ನು ನೋಡುತ್ತಾನೆ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ. ಸಣ್ಣ ಪುಟ್ಟ ವೇಷ ಮಾಡುತ್ತಾ ಮಾಡುತ್ತಾ ದೊಡ್ಡ ವೇಷಕ್ಕೆ ಬರುತ್ತಾನೆ. ಅಷ್ಟೂ ಹೊತ್ತು ಭಾಗವತರ ಕಣ್ಣು ಅವನ ಹೆಜ್ಜೆಯ ಮೇಲೆ ಇರುತ್ತದೆ. 2019ರ ಬ್ಯಾಚಿನಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಡಿ.ಓ.ಎ.ಪಿ. ಅಂತ ಒಂದು ಕ್ರಮ ಇದೆ. ಅಧ್ಯಾಪಕರು ಮಾಡಿ ತೋರಿಸುವುದು, ವಿದ್ಯಾರ್ಥಿ ಗಮನಿಸುವುದು, ಜೊತೆಗೆ ಕೈಜೋಡಿಸುವುದು, ಕೊನೆಗೆ ತಾನೇ ಮಾಡುವುದು. ಮೇಳದಲ್ಲಿ ನಡೆಯುವುದೂ ಇದೇ ಅಲ್ವಾ? ನಮ್ಮ ಕಾಲೇಜುಗಳಲ್ಲಿ ಮೊದಲ ಎರಡು ಹಂತ ಮುಗಿಸಿ ನಿಲ್ಲಿಸಿಬಿಡುವ ರೂಢಿ ಇತ್ತು. ಉಳಿದೆರಡನ್ನೂ ಮಾಡಿಸಬೇಕು, ಮಾಡುವಾಗ ನೋಡಬೇಕು. ತರಬೇತಿಯ ತಿರುಳು ಅದೇ.

ಪಾಠದ ಗುರಿ ಬರೆಯುವುದಕ್ಕೆ ಯಾಕೆ ಅಷ್ಟು ಹೊತ್ತು?

"ವಿದ್ಯಾರ್ಥಿಗೆ ಇಲಿಜ್ವರದ ಬಗ್ಗೆ ತಿಳಿದಿರಬೇಕು" ಅಂತ ಬರೆದರೆ ನಾಳೆ ಅದನ್ನು ಹೇಗೆ ಪರೀಕ್ಷಿಸುತ್ತೀರಿ? ತಿಳಿದಿರುವುದು ಕಣ್ಣಿಗೆ ಕಾಣುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: "ಮಳೆಗಾಲದಲ್ಲಿ ಜ್ವರ, ಮೈಕೈ ನೋವು ಎಂದು ಬಂದ ತೋಟದ ಕೆಲಸಗಾರನನ್ನು ಮಾತಾಡಿಸಿ, ಇಲಿಜ್ವರದ ಶಂಕೆಗೆ ಕಾರಣವಾಗುವ ಕನಿಷ್ಠ ನಾಲ್ಕು ಸಂಗತಿಗಳನ್ನು ಐದು ನಿಮಿಷದಲ್ಲಿ ಕೇಳಿ ತಿಳಿಯಬೇಕು." ಈಗ ಪಾಠವೂ ಗೊತ್ತಾಯಿತು, ಪರೀಕ್ಷೆಯೂ ಗೊತ್ತಾಯಿತು. ಯಾರು, ಏನು ಮಾಡಬೇಕು, ಯಾವ ಸಂದರ್ಭದಲ್ಲಿ, ಎಷ್ಟರ ಮಟ್ಟಿಗೆ ಅನ್ನುವ ನಾಲ್ಕೂ ಅದರಲ್ಲಿ ಇವೆ.

ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಕೀಯ ಶಿಕ್ಷಣ ತಜ್ಞರು 1990ರಲ್ಲಿ ಕಲಿಕೆಯನ್ನು ನಾಲ್ಕು ಮೆಟ್ಟಿಲಾಗಿ ತೋರಿಸಿದರು. ಗೊತ್ತಿದೆ, ಹೇಗೆ ಮಾಡಬೇಕೆಂದು ಗೊತ್ತಿದೆ, ಮಾಡಿ ತೋರಿಸಬಲ್ಲೆ, ದಿನನಿತ್ಯ ಮಾಡುತ್ತೇನೆ. ನಮ್ಮ ಹಳೆಯ ಪರೀಕ್ಷೆಗಳಲ್ಲಿ ಹೆಚ್ಚಿನವು ಮೊದಲ ಮೆಟ್ಟಿಲಲ್ಲೇ ನಿಂತಿದ್ದವು. ನಾನು ಹೇಳಿದ ಹುಡುಗಿ ಆ ಮೆಟ್ಟಿಲಲ್ಲಿ ಪೂರ್ತಿ ಅಂಕ ಪಡೆದವಳು.

ಲೆಕ್ಚರ್ ಬಿಟ್ಟುಬಿಡಬೇಕೇ?

ಬೇಡ. ಒಳ್ಳೆಯ ಲೆಕ್ಚರ್ ಈಗಲೂ ಬೇಕು. ನಡುವೆ ನಿಲ್ಲಿಸಿ, ಒಂದು ಪ್ರಶ್ನೆ ಕೇಳಿ, ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿಕೊಳ್ಳಲು ಬಿಡಿ. ಸ್ಲೈಡ್ ಓದಬೇಡಿ.

ಓಪಿಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಅಲ್ಲಿ ಹೇಗೆ ಪಾಠ ಮಾಡುವುದು?

ಇದು ನಿಜವಾದ ಕಷ್ಟ. ಅದಕ್ಕೆಂದೇ ಅಮೆರಿಕದ ಕುಟುಂಬ ವೈದ್ಯರು 1992ರಲ್ಲಿ ಒಂದು ಸಣ್ಣ ಕ್ರಮ ಬರೆದರು. "ಒಂದು ನಿಮಿಷದ ಪಾಠ" ಎಂದು ಕರೆಯೋಣ. ಐದು ಮಾತು, ಅಷ್ಟೇ. ವಿದ್ಯಾರ್ಥಿನಿ ಬಂದು ಹೇಳುತ್ತಾಳೆ: ಅರುವತ್ತು ವರ್ಷದವರು, ಮೂರು ವಾರದಿಂದ ಕೆಮ್ಮು, ತೂಕ ಇಳಿದಿದೆ.

"ನಿಮಗೆ ಏನು ಅನಿಸುತ್ತದೆ?" ಅಂತ ಕೇಳಿ. ನೀವೇ ಹೇಳಿಬಿಡಬೇಡಿ. ಅವಳು ಟಿಬಿ ಅನ್ನುತ್ತಾಳೆ.
"ಯಾಕೆ ಹಾಗೆ ಅನಿಸಿತು?"
"ಎರಡು ವಾರ ದಾಟಿದ ಕೆಮ್ಮು ಕಂಡರೆ ಕಫ ಪರೀಕ್ಷೆ ಮಾಡಿಸಲೇಬೇಕು." ಇದು ಎಲ್ಲ ಕಡೆ ಬಳಸಬಹುದಾದ ಒಂದು ಸೂತ್ರ.
"ತೂಕ ಇಳಿದದ್ದನ್ನು ನೀವಾಗಿಯೇ ಕೇಳಿದ್ದು ಒಳ್ಳೆಯದಾಯಿತು."
"ಬೀಡಿ ಸೇದುತ್ತಾರಾ, ಸಕ್ಕರೆ ಕಾಯಿಲೆ ಇದೆಯಾ ಕೇಳಲಿಲ್ಲ. ಈಗಲೇ ಹೋಗಿ ಕೇಳಿ ಬನ್ನಿ."

ಎಲ್ಲ ರೋಗಿಗಳಿಗೂ ಬೇಡ. ಒಂದು ಓಪಿಡಿಯಲ್ಲಿ ಮೂರು ರೋಗಿಗಳಿಗೆ ಮಾಡಿದರೂ ಸಾಕು. ಹೆಚ್ಚಿನವರು ಮೊದಲ ಪ್ರಶ್ನೆಯಲ್ಲೇ ಎಡವುತ್ತಾರೆ. ವಿದ್ಯಾರ್ಥಿ ಉತ್ತರ ಹೇಳುವವರೆಗೆ ಕಾಯುವ ತಾಳ್ಮೆ ನಮಗಿರುವುದಿಲ್ಲ.

ಫೀಡ್‌ಬ್ಯಾಕ್ ಕೊಟ್ಟರೆ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ಏನು ಮಾಡಲಿ?

"ಚೆನ್ನಾಗಿತ್ತು" ಅಂದರೂ ಪ್ರಯೋಜನವಿಲ್ಲ, "ಏನೂ ಸರಿಯಿಲ್ಲ" ಅಂದರೂ ಇಲ್ಲ. ಎರಡರಲ್ಲೂ ಮುಂದಿನ ಸಲ ಏನು ಮಾಡಬೇಕೆಂಬ ಸುದ್ದಿ ಇಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ. "ಅಜ್ಜಿ ಎದೆ ನೋವು ಅನ್ನುವಷ್ಟರಲ್ಲಿ ನೀವು ಮುಂದಿನ ಪ್ರಶ್ನೆಗೆ ಹೋದಿರಿ. ಅವರು ಇನ್ನೂ ಏನೋ ಹೇಳಲು ಬಾಯಿ ತೆರೆದಿದ್ದರು." ಹೀಗೆ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅದು ನಡೆದ ಸಂಗತಿ, ಅವರ ಗುಣದ ಮೇಲಿನ ತೀರ್ಪಲ್ಲ. ಮೊದಲು ಅವರನ್ನೇ ಕೇಳಿ: ಯಾವುದು ಸರಿ ಬಂತು, ಯಾವುದನ್ನು ಬೇರೆ ಥರ ಮಾಡಬಹುದಿತ್ತು? ಎಷ್ಟೋ ಸಲ ನಾವು ಹೇಳಬೇಕೆಂದಿದ್ದನ್ನು ಅವರೇ ಹೇಳುತ್ತಾರೆ.

ರೋಗಿಯ ಎದುರು ಬೈಯಬೇಡಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಬೈಸಿಕೊಂಡ ವಿದ್ಯಾರ್ಥಿ ಆ ರೋಗಿಯ ಹತ್ತಿರ ಮತ್ತೆ ಹೋಗುವುದಿಲ್ಲ.

ನಮ್ಮಲ್ಲಿ ಏಳು ಭಾಷೆ. ಸಂವಹನದ ಪಾಠ ಯಾವ ಭಾಷೆಯಲ್ಲಿ ಮಾಡುವುದು?

ಈ ಪ್ರಶ್ನೆ ಕೇಳಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಆಡುವ ಜಿಲ್ಲೆ ಇದು. ಅಧ್ಯಾಪಕರು ಕೊಲ್ಲಂನಿಂದ ಬಂದಿರಬಹುದು, ವಿದ್ಯಾರ್ಥಿ ಪಾಲಕ್ಕಾಡಿನಿಂದ. ಹಾಸಿಗೆಯಲ್ಲಿ ಮಲಗಿದ ಅಜ್ಜಿ ಎಣ್ಮಕಜೆಯವರು.

ಒಂದೇ ಒಂದು ಪದ ನೋಡಿ. ಮಲಯಾಳದಲ್ಲಿ "ಪನಿ" ಅಂದರೆ ಜ್ವರ. ತುಳುವಿನಲ್ಲಿ "ಪನಿ" ಅಂದರೆ ತುಂತುರು ಮಳೆ, ಹನಿ. "ಪನಿ ಉಂಟಾ?" ಅಂತ ಕೇಳಿದ ವಿದ್ಯಾರ್ಥಿಗೆ ತುಳು ಮಾತ್ರ ಬಲ್ಲ ಅಜ್ಜಿ ಕಿಟಕಿಯ ಕಡೆ ನೋಡಿ ಇಲ್ಲ ಅಂದರೆ, ಕೇಸ್ ಶೀಟಿನಲ್ಲಿ "ಜ್ವರ ಇಲ್ಲ" ಎಂದು ಬೀಳುತ್ತದೆ. ಯಾರೂ ಸುಳ್ಳು ಹೇಳಿಲ್ಲ. ದಾಖಲೆ ಮಾತ್ರ ತಪ್ಪು.

ಹೊಸ ಪಠ್ಯಕ್ರಮದ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗ ಇದೆ. ಅದನ್ನು ಸುಮ್ನೆ ಅಕ್ಷರಮಾಲೆ ಕಲಿಸಿ ಮುಗಿಸಬೇಡಿ. ಓಪಿಡಿಯಲ್ಲಿ ದಿನಾ ಕೇಳುವ ನಲವತ್ತು ಮಾತುಗಳನ್ನು ಕನ್ನಡ, ತುಳು, ಮಲಯಾಳದಲ್ಲಿ ಪಟ್ಟಿ ಮಾಡಿ. ಉಬ್ಬಸ, ಎದೆ ಉರಿ, ಸೊಂಟ ಬೇನೆ, ತಲೆ ತಿರುಗುವುದು, ಉರಿಮೂತ್ರ, ಮುಟ್ಟು ನಿಂತದ್ದು. ಕನ್ನಡ ತುಳು ಬಲ್ಲ ನರ್ಸುಗಳು, ಆಶಾ ಕಾರ್ಯಕರ್ತೆಯರು ಇದರಲ್ಲಿ ನಿಮಗಿಂತ ಪಳಗಿದವರು. ಅವರನ್ನು ಪಾಠಕ್ಕೆ ಕರೆಯಿರಿ. ಏಟ್‌ಕಾಮ್ ಪಾಠದ ಪಾತ್ರಾಭಿನಯವನ್ನು ಇಂಗ್ಲಿಷಿನಲ್ಲಿ ಮಾಡಿಸುವುದನ್ನು ನೋಡಿದ್ದೇನೆ. ನಿಜವಾದ ರೋಗಿ ಇಂಗ್ಲಿಷಿನಲ್ಲಿ ಅಳುವುದಿಲ್ಲ.

ಇನ್ನೊಂದು ವಿಷಯ. ತಾಯಿಯ ಕಾಯಿಲೆಯನ್ನು ಹತ್ತು ವರ್ಷದ ಮಗಳ ಬಾಯಿಂದ ಕೇಳಿಸಬೇಡಿ. ಆ ತಾಯಿ ಅರ್ಧ ಮುಚ್ಚಿಡುತ್ತಾಳೆ. ದುಭಾಷಿ ಬೇಕಾದಾಗ ಯಾರನ್ನು ಕರೆಯಬೇಕು, ಅವರನ್ನು ಎಲ್ಲಿ ಕೂರಿಸಬೇಕು, ಮಾತಾಡುವಾಗ ಯಾರ ಮುಖ ನೋಡಬೇಕು ಅನ್ನುವುದೂ ಕಲಿಸಬೇಕಾದ ವಿದ್ಯೆ. ನೋಡಬೇಕಾದದ್ದು ರೋಗಿಯ ಮುಖ.

ಓಸ್ಕಿ ಅಂದರೆ ಏನು? ಸಣ್ಣ ಕಾಲೇಜಿನಲ್ಲಿ ನಡೆಸಲು ಆಗುತ್ತದೆಯೇ?

ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು ಸ್ಕಾಟ್ಲೆಂಡಿನ ಡಂಡಿಯಲ್ಲಿ ರೂಪಿಸಿ 1975ರಲ್ಲಿ ಪ್ರಕಟಿಸಿದ ಪರೀಕ್ಷಾ ಕ್ರಮ ಇದು. ಸಾಲಾಗಿ ಕೆಲವು ಸ್ಟೇಶನ್‌ಗಳು. ಒಂದೊಂದರಲ್ಲಿ ಒಂದು ಕೆಲಸ, ಸುಮಾರು ಐದು ನಿಮಿಷ. ಗಂಟೆ ಬಾರಿಸಿದ ಕೂಡಲೇ ಮುಂದಿನದಕ್ಕೆ. ಎಲ್ಲ ವಿದ್ಯಾರ್ಥಿಗಳಿಗೂ ಅದೇ ಕೆಲಸ, ಅದೇ ಚೆಕ್‌ಲಿಸ್ಟ್. ಹಳೆಯ ಪದ್ಧತಿಯಲ್ಲಿ ಒಬ್ಬನಿಗೆ ಸುಲಭದ ರೋಗಿ, ಇನ್ನೊಬ್ಬಳಿಗೆ ಕಷ್ಟದ ರೋಗಿ ಬರುತ್ತಿತ್ತು. ಆ ಅದೃಷ್ಟದಾಟ ಇಲ್ಲಿ ಕಡಿಮೆ.

ದೊಡ್ಡ ಸಿಮ್ಯುಲೇಶನ್ ಲ್ಯಾಬ್ ಇಲ್ಲದೆಯೂ ನಡೆಸಬಹುದು. ಉದ್ದದ ವರಾಂಡ, ಪರದೆ, ಒಂದು ಗಂಟೆ, ಮುಂಚಿತ ತಯಾರಿ ಇದ್ದರೆ ಆಯಿತು. ತಯಾರಿಯೇ ಕಷ್ಟ. ಆ ಇಲಿಜ್ವರದ ಸ್ಟೇಶನ್ ತೆಗೆದುಕೊಳ್ಳಿ. ಚೆಕ್‌ಲಿಸ್ಟಿನಲ್ಲಿ ಏನಿರಬೇಕು? ಹೆಸರು ಹೇಳಿ ಪರಿಚಯ ಮಾಡಿಕೊಂಡರೇ? ಯಾವ ಭಾಷೆಯಲ್ಲಿ ಮಾತಾಡೋಣ ಎಂದು ಕೇಳಿದರೇ? ಕೆಸರು ನೀರಿನ ಕೆಲಸ, ಕಾಲಿನ ಗಾಯ, ಮೂತ್ರದ ಪ್ರಮಾಣ, ಕಣ್ಣು ಕೆಂಪಾದದ್ದು, ಈಗಾಗಲೇ ತೆಗೆದುಕೊಂಡ ಮಾತ್ರೆ, ಇವನ್ನೆಲ್ಲ ವಿಚಾರಿಸಿದರೇ? ಕೇಳಿದ್ದನ್ನು ಒಟ್ಟುಮಾಡಿ ರೋಗಿಗೇ ಒಮ್ಮೆ ಹೇಳಿದರೇ? ಪರೀಕ್ಷಕರು ನಡುವೆ ಬಾಯಿ ಹಾಕಬಾರದು. ನೋಡಿ ಗುರುತು ಹಾಕುವುದಷ್ಟೇ ಅವರ ಕೆಲಸ.

ರೋಗಿಯ ಪಾತ್ರಕ್ಕೆ ಊರಿನ ನಿವೃತ್ತ ಮೇಷ್ಟ್ರು, ಗೃಹಿಣಿಯರನ್ನು ತಯಾರು ಮಾಡಬಹುದು. ತಾಳಮದ್ದಳೆಯ ಅರ್ಥಧಾರಿಗಳನ್ನು ಕರೆಯೋಣವೇ ಎಂದು ಒಬ್ಬರು ಕೇಳಿದ್ದರು. ಅವರ ಮಾತಿನ ಶಕ್ತಿ ದೊಡ್ಡದು. ಆದರೆ ಹೊತ್ತಿಗೆ ತಕ್ಕ ಹೊಸ ಮಾತು ಹುಟ್ಟಿಸುವುದೇ ಅವರ ಕಲೆ. ಪರೀಕ್ಷೆಯಲ್ಲಿ ಹಾಗಾದರೆ ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ರೋಗಿ ಸಿಕ್ಕ ಹಾಗೆ. ಬರೆದುಕೊಟ್ಟದ್ದನ್ನು ಅಷ್ಟೇ ಹೇಳಲು ಒಪ್ಪಿದರೆ ಅವರಿಗಿಂತ ಒಳ್ಳೆಯವರು ಇಲ್ಲ.

ಓಸ್ಕಿಗೂ ಮಿತಿ ಇದೆ. ಐದೈದು ನಿಮಿಷದ ತುಂಡುಗಳಲ್ಲಿ ಒಬ್ಬ ರೋಗಿಯನ್ನು ಪೂರ್ತಿಯಾಗಿ ನೋಡಿಕೊಳ್ಳುವ ಗುಣ ಕಾಣುವುದಿಲ್ಲ. ಅದಕ್ಕೆ ವಾರ್ಡಿನಲ್ಲೇ, ನಿಜವಾದ ರೋಗಿಯ ಜೊತೆ ಹತ್ತು ಹದಿನೈದು ನಿಮಿಷ ಗಮನಿಸಿ ಕೂಡಲೇ ಮಾತಾಡುವ ಮಿನಿ ಸಿ.ಇ.ಎಕ್ಸ್. ಇದೆ. ನನಗೆ ಎರಡರಲ್ಲಿ ಒಂದನ್ನೇ ಆರಿಸು ಅಂದರೆ ಇದನ್ನೇ ಆರಿಸುತ್ತೇನೆ.

ನಾನು ಮಾಡಿದ ಎಂಸಿಕ್ಯೂ, ಅಂದರೆ ಆಯ್ಕೆ ಕೊಟ್ಟು ಕೇಳುವ ಪ್ರಶ್ನೆ, ಒಳ್ಳೆಯದೋ ಅಲ್ಲವೋ ಹೇಗೆ ಗೊತ್ತಾಗುತ್ತದೆ?

ಲೆಕ್ಕ ಹಾಕಿ ನೋಡಬಹುದು. ನೂರು ಮಕ್ಕಳು ಬರೆದರು ಅನ್ನಿ. ಒಟ್ಟು ಅಂಕದ ಪ್ರಕಾರ ಮೇಲಿನ 27, ಕೆಳಗಿನ 27 ಉತ್ತರಪತ್ರಿಕೆ ತೆಗೆಯಿರಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 22 ಮಂದಿ ಸರಿ ಉತ್ತರ ಕೊಟ್ಟಿದ್ದಾರೆ, ಕೆಳಗಿನವರಲ್ಲಿ 10. ಒಟ್ಟು 54ರಲ್ಲಿ 32, ಅಂದರೆ ಸುಮಾರು ಶೇಕಡ 59. ಅತಿ ಸುಲಭವೂ ಅಲ್ಲ, ಅತಿ ಕಷ್ಟವೂ ಅಲ್ಲ. ಇನ್ನು 22ರಿಂದ 10 ಕಳೆದು 27ರಿಂದ ಭಾಗಿಸಿ. 0.44 ಬರುತ್ತದೆ. ಓದಿದವರನ್ನೂ ಓದದವರನ್ನೂ ಈ ಪ್ರಶ್ನೆ ಚೆನ್ನಾಗಿ ಬೇರೆ ಮಾಡುತ್ತದೆ ಎಂದರ್ಥ. 0.2ಕ್ಕಿಂತ ಕೆಳಗಿದ್ದರೆ ತಿದ್ದಬೇಕು. ಸೊನ್ನೆಗಿಂತ ಕೆಳಗೆ ಹೋದರೆ ಮೊದಲು ಉತ್ತರದ ಕೀಲಿ ನೋಡಿ, ಅಲ್ಲೇ ತಪ್ಪಿರಬಹುದು. ನೂರರಲ್ಲಿ ಐದು ಮಂದಿಯೂ ಆರಿಸದ ತಪ್ಪು ಆಯ್ಕೆ ಇದ್ದರೆ ಅದು ಸುಮ್ನೆ ಜಾಗ ತುಂಬಿಸುತ್ತಿದೆ, ಬದಲಿಸಿ.

ಗಣಿತ ಅಂದರೆ ಹೆದರಿಕೆಯಾದರೆ ಇಷ್ಟು ಮಾಡಿ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಪ್ರಶ್ನೆ ಮಾತ್ರ ಓದಿ. ಉತ್ತರ ಹೇಳಲು ಆಗದಿದ್ದರೆ ಆ ಪ್ರಶ್ನೆ ಸರಿಯಾಗಿ ಬರೆದದ್ದಲ್ಲ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರ ಮೂಡ್ ನೋಡಿ ಅಂಕ ಬೀಳುತ್ತದೆ ಅನ್ನುತ್ತಾರೆ. ನಿಜವೇ?

ಅಪಾಯ ಇದೆ. ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಕಾರ್ಡಿನಲ್ಲಿ ಬರೆದಿಡಿ, ಒಪ್ಪುವ ಉತ್ತರವನ್ನೂ ಅದರ ಹಿಂದೆ ಬರೆಯಿರಿ. ಇಬ್ಬರು ಪರೀಕ್ಷಕರು ಮಾತಾಡಿಕೊಳ್ಳದೆ ಅಂಕ ಹಾಕಿ, ಆಮೇಲೆ ಹೋಲಿಸಿ.

ಮಕ್ಕಳು ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ಕಿಗೆ ಸಹಿ ಹಾಕಿ ಹಾಕಿ ಸಾಕಾಗಿದೆ. ತಿಂಗಳ ಕೊನೆಗೆ ಒಟ್ಟಿಗೆ ಹಾಕಬಹುದೇ?

ದಯವಿಟ್ಟು ಬೇಡ. ನಿಮ್ಮ ಸಹಿ ಅಂದರೆ "ಈ ವಿದ್ಯಾರ್ಥಿನಿ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ" ಎಂದು. ನಾಳೆ ಅವಳು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬಳೇ ಇರುವಾಗ ಆ ಸಹಿಯನ್ನು ನಂಬಿ ಒಬ್ಬ ರೋಗಿ ಕೈ ಚಾಚುತ್ತಾನೆ.

ನಮ್ಮ ಜಿಲ್ಲೆಯ ಸಂಗತಿಗಳನ್ನು ಪಾಠಕ್ಕೆ ತರಬಹುದೇ? ಪಠ್ಯಕ್ರಮ ದೇಶಕ್ಕೆಲ್ಲ ಒಂದೇ ಅಲ್ವಾ?

ಕಲಿಯಬೇಕಾದ ಕೌಶಲ ಒಂದೇ. ಉದಾಹರಣೆ ನಿಮ್ಮ ಕೈಯಲ್ಲಿದೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು, ಕೊಳೆರೋಗಕ್ಕೆ ಮೈಲುತುತ್ತಿನ ಮದ್ದು ಬಿಡುವವರ ಕಣ್ಣು, ಬೀಡಿ ಕಟ್ಟುವ ಹೆಂಗಸರ ಕತ್ತು ನೋವು, ಎಲೆಅಡಿಕೆ ಹೊಗೆಸೊಪ್ಪಿನ ಬಾಯಿ ಹುಣ್ಣು, ಎಲ್ಲವೂ ನಮ್ಮ ವಾರ್ಡಿನಲ್ಲೇ ಸಿಗುವ ಪಾಠಗಳು.

ಎಂಡೋಸಲ್ಫಾನ್ ವಿಷಯವನ್ನಂತೂ ಬಿಡಬೇಡಿ. ಇಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಆ ವಿಷ ಸುರಿದರು. ಅದು ನಿಂತದ್ದು 2000ದ ಹೊತ್ತಿಗೆ. ದೇಶಮಟ್ಟದಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಪಡ್ರೆಯ ವಾಣೀನಗರದಲ್ಲಿ ಒಂದು ಸಣ್ಣ ಕ್ಲಿನಿಕ್ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನಕುಮಾರ್ ಅವರು, ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಯಾಕೆ ಇಷ್ಟೊಂದು ಹುಟ್ಟು ಊನ, ಕ್ಯಾನ್ಸರ್, ಬುದ್ಧಿಮಾಂದ್ಯ ಎಂದು ಗಮನಿಸಿ ಬರೆದರು. ಅವರ ಹತ್ತಿರ ದೊಡ್ಡ ಯಂತ್ರ ಇರಲಿಲ್ಲ. ರೋಗಿ ಯಾವ ಮನೆಯಿಂದ ಬಂದ, ಆ ಮನೆ ಎಲ್ಲಿದೆ, ಅಲ್ಲಿನ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುವ ಅಭ್ಯಾಸ ಇತ್ತು. ಈಗ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಹೋಗಿಬರಬೇಕು. ಆ ಭೇಟಿಯಲ್ಲಿ ಬಿಪಿ ನೋಡಿ ಫೋಟೋ ತೆಗೆದು ಬರುವ ಬದಲು ಈ ಮೂರು ಪ್ರಶ್ನೆ ಕೇಳಿ ಬರಲಿ. ಅವರು ಬರೆದು ತಂದದ್ದಕ್ಕೆ ಅಂಕವನ್ನೂ ಇಡಿ. ಅಂಕ ಇಲ್ಲದ್ದನ್ನು ಮಕ್ಕಳು ಓದುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಬೇಸಿಕ್ ಆದ ಮೇಲೆ ಮುಂದೇನು?

ಎಸಿಎಂಇ ಎಂಬ ಅಡ್ವಾನ್ಸ್ ಕೋರ್ಸ್ ಇದೆ. ಆಯೋಗ ಗುರುತಿಸಿದ ಕೇಂದ್ರಗಳಲ್ಲಿ ನಡೆಯುತ್ತದೆ. ಕೆಲವು ದಿನ ಅಲ್ಲಿ ಕೂತು ಕಲಿತು, ಆಮೇಲೆ ತಿಂಗಳುಗಟ್ಟಲೆ ನಿಮ್ಮದೇ ಕಾಲೇಜಿನಲ್ಲಿ ಒಂದು ಸಣ್ಣ ಶಿಕ್ಷಣ ಸಂಶೋಧನೆ ಮಾಡಬೇಕು. ಪುದುಚೇರಿಯ ಜಿಪ್‌ಮರ್‌ನಲ್ಲಿ 1970ರ ದಶಕದಿಂದಲೇ ಅಧ್ಯಾಪಕರ ತರಬೇತಿ ಕೇಂದ್ರ ಇದೆ. ಆದರೆ ಬೇಸಿಕ್ ಮುಗಿಸಿದ ಮರುವರ್ಷವೇ ಓಡಬೇಡಿ. ಎರಡು ವರ್ಷ ಕಲಿತದ್ದನ್ನು ಮಾಡಿ ನೋಡಿ. ಆಗ ಒಳ್ಳೆಯ ಪ್ರಶ್ನೆಗಳು ನಿಮ್ಮಲ್ಲೇ ಹುಟ್ಟುತ್ತವೆ.

ತರಬೇತಿಗೆ ಬರುವಾಗ ಏನು ತರಬೇಕು?

ನೀವು ಕಳೆದ ವರ್ಷ ಕೊಟ್ಟ ಪ್ರಶ್ನೆಪತ್ರಿಕೆ ಒಂದು. ಅದರ ಅಂಕಪಟ್ಟಿ, ಮಕ್ಕಳ ಹೆಸರು ಬೇಡ. ನೀವು ಮಾಡುವ ಒಂದು ಪಾಠದ ಸ್ಲೈಡ್‌ಗಳು. ಲ್ಯಾಪ್‌ಟಾಪ್. ಮತ್ತೆ ಬರುವ ಮುನ್ನಾ ದಿನ ವಾರ್ಡಿಗೆ ಹೋಗಿ, ಒಬ್ಬ ವಿದ್ಯಾರ್ಥಿ ಒಬ್ಬ ರೋಗಿಯನ್ನು ಮಾತಾಡಿಸುವುದನ್ನು ಹತ್ತು ನಿಮಿಷ ನೋಡಿ. ಏನೂ ಹೇಳಬೇಡಿ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಮೊದಲ ದಿನ ಬೆಳಗ್ಗೆ ನಾವು ಆ ಹಾಳೆಯಿಂದಲೇ ಶುರು ಮಾಡುತ್ತೇವೆ.